ಗಿಟಾರಕ್ಕನ ಎಡಗೈ
ಕಂತು ೯: ಬಿಗಿದ ತಂತಿ

ಅಂಟಣ್ಣ ಗಿಟಾರಿನ ಆರೂ ತಂತಿಗಳ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದ. ಸದ್ದು ಕೋಣೆ ತುಂಬಿತು. ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಅಂಟಣ್ಣನ ಮುಖ ಮಾತ್ರ ಹುಣಿಸೆಹಣ್ಣು ಕಚ್ಚಿದವನಂತಾಯಿತು.

"ಏನಾಯ್ತು? ಶ್ರುತಿ ಸರಿ ಇಲ್ವಾ?" ಎಂದೆ.

"ಸರಿಯಾಗಿದೆ ಸಾರ್. ಅದೇ ತೊಂದರೆ."

ಈ ಮನುಷ್ಯ ಒಂದು ಪ್ರಶ್ನೆಗೆ ನೆಟ್ಟಗೆ ಒಂದು ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ನಲವತ್ತು ವರ್ಷದಿಂದ ಗಿಟಾರು, ಪಿಟೀಲುಗಳನ್ನು ರಿಪೇರಿ ಮಾಡುತ್ತ ಬಂದವನು. ಬೆರಳಿನ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುವುದರಿಂದ ಊರಿನ ವಾದ್ಯಗಾರರೆಲ್ಲ ಅಂಟಣ್ಣ ಎಂದೇ ಕರೆಯುತ್ತಾರೆ. ಅವನನ್ನು ಇಲ್ಲಿಗೆ ಕರೆತರಲು ನಾನು ಪೊಲೀಸರ ಬಳಿ ನಾಲ್ಕು ದಿನ ಅಲೆದಿದ್ದೆ. ಬಾಗಿಲಿಗೆ ಅಂಟಿಸಿದ್ದ ಸೀಲಿನ ಕಾಗದವನ್ನು ಈಗಷ್ಟೇ ಹರಿದು ಒಳಗೆ ಬಂದಿದ್ದೆವು.

ಗಂಟೆ ಎರಡೂವರೆ. ಹನ್ನೊಂದು ದಿನದ ಹಿಂದೆ, ಈ ಕ್ಲಬ್ಬಿನಲ್ಲಿ ಗಿಟಾರು ನುಡಿಸುತ್ತ ಜಾಝ್ ಹಾಡುವ ಗಿಟಾರಕ್ಕ ಮಹಡಿಯ ಮೇಲಿನ ಇದೇ ಕೋಣೆಯ ಹಿಂಬಾಗಿಲಿನ ಕಬ್ಬಿಣದ ಸುತ್ತುಮೆಟ್ಟಿಲಿನಿಂದ ಕೆಳಗಿನ ಕಲ್ಲಂಗಳಕ್ಕೆ ಬಿದ್ದವರು, ಅಂದಿನಿಂದ ಒಂದು ಮಾತೂ ಆಡಿಲ್ಲ. ದೇಹದ ಬಲಭಾಗ ಸ್ವಾಧೀನದಲ್ಲಿಲ್ಲ. ಇವತ್ತು ಐದು ಗಂಟೆಗೆ ಅವರ ಮಗಳು ಅವರನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಮುನ್ನೂರು ಕಿಲೋಮೀಟರ್ ದೂರದ ತನ್ನ ಊರಿಗೆ ಕರೆದೊಯ್ಯುತ್ತಾಳೆ. ಅಷ್ಟರೊಳಗೆ ತಳ್ಳಿದವರು ಯಾರೆಂದು ಖಾಸಗಿ ತನಿಖೆದಾರನಾದ ನಾನು ತೋರಿಸದಿದ್ದರೆ, ಕಾಲು ಜಾರಿ ಬಿದ್ದ ಮುದುಕಿ ಎಂದು ಬರೆದು ಪೊಲೀಸರು ಕಡತ ಕಟ್ಟಿಡುತ್ತಾರೆ.

"ಈ ತಂತಿ ಮುಟ್ಟಿ ನೋಡಿ" ಎಂದ ಅಂಟಣ್ಣ.

ಮುಟ್ಟಿದೆ. ನನಗೇನು ಗೊತ್ತಾಗಬೇಕು? ಸಂಗೀತದ ವಿಷಯಕ್ಕೆ ಬಂದರೆ ಕತ್ತೆಗೇನು ಗೊತ್ತು ಕಸ್ತೂರಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿದ್ದಾರೆ. "ದಪ್ಪ ಇದೆ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಹಾಂ, ದಪ್ಪ. ಮೂವತ್ತು ವರ್ಷ ಅಕ್ಕ ತೆಳು ತಂತಿ ಹಾಕಿಸ್ಕೊಂಡ್ರು. ನಾಲ್ಕು ವರ್ಷದ ಹಿಂದೆ ಒಂದಿನ ಬಂದು, ಇನ್ಮೇಲೆ ದಪ್ಪ ತಂತಿ ಹಾಕು ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಹೆಂಗಸರ ವಯಸ್ಸು, ಹಾಡೋರ ಶ್ರುತಿ, ಎರಡನ್ನೂ ಕೇಳ್ಬಾರ್ದು ಸಾರ್. ಗಿರಾಕಿ ತಪ್ಪಿ ಹೋಗ್ತಾರೆ."

ಕೇಳದಿದ್ದರೂ ಅವನಿಗೆ ತಿಳಿದಿತ್ತು. ತಂತಿಯನ್ನು ಸಡಿಲಿಸಿದರೆ ಶ್ರುತಿ ಇಳಿಯುತ್ತದೆ. ತೆಳು ತಂತಿಯನ್ನು ಹಾಗೆ ಸಡಿಲಿಸಿದರೆ ಜೋತುಬಿದ್ದು ಗೊರಗುಡುತ್ತದೆ, ದಪ್ಪದ್ದು ತಾಳಿಕೊಳ್ಳುತ್ತದೆ. ಗಿಟಾರಕ್ಕನಿಗೆ ಅರವತ್ತರ ಹತ್ತಿರ ಬಂದಾಗ ಮೇಲಿನ ಸ್ವರಗಳು ಎಟುಕುವುದು ನಿಂತಿತ್ತು. ಬೇರೆಯವರಾಗಿದ್ದರೆ ಗಿಟಾರಿನ ಮೇಲೆ ಕೈಯನ್ನು ಬೇರೆ ಜಾಗಕ್ಕೆ ಸರಿಸಿ ತಗ್ಗಿನಲ್ಲಿ ಹಾಡುತ್ತಿದ್ದರು. ಇವರು ಕೈ ಸರಿಸಲಿಲ್ಲ. ಆರೂ ತಂತಿಗಳನ್ನು ಪಿಯಾನೋದ ಒಂದು ಮನೆಯಷ್ಟು, ಅಂದರೆ ಒಂದು ಕೀಲಿಯಷ್ಟು, ಕೆಳಗಿಳಿಸಿಕೊಂಡು, ಬೆರಳುಗಳನ್ನು ಹಿಂದಿನ ಜಾಗದಲ್ಲೇ ಇಟ್ಟು ನುಡಿಸಿದರು. ಮುಂದಿನ ಸಾಲಿನಲ್ಲಿ ಕೂತು ಕೈಯನ್ನೇ ನೋಡುವ ಎಳೆಯ ಗಿಟಾರ್‌ಗಾರರಿಗೆ ಅಕ್ಕನ ಶ್ರುತಿ ಮೂವತ್ತು ವರ್ಷದಿಂದ ಇದ್ದಲ್ಲೇ ಇದೆ ಎನಿಸುತ್ತಿತ್ತು.

"ಅಂದ್ರೆ ಈ ಗಿಟಾರು ಒಂದು ಮನೆ ಕೆಳಗಿರ್ಬೇಕಿತ್ತು" ಎಂದೆ.

"ಇರ್ಬೇಕಿತ್ತು." ಅಂಟಣ್ಣ ಜೇಬಿನಿಂದ ಶ್ರುತಿ ಹಿಡಿಯುವ ಎರಡು ಕವಲಿನ ಉಕ್ಕಿನ ಕಡ್ಡಿ ತೆಗೆದು ಮೊಣಕಾಲಿಗೆ ಬಡಿದು, ಅದರ ಬುಡವನ್ನು ಗಿಟಾರಿನ ಹೊಟ್ಟೆಗೆ ಒತ್ತಿದ. ಸಣ್ಣಗೆ ಒಂದು ಸ್ವರ ಹೊರಟಿತು. ಐದನೆಯ ತಂತಿ ಮೀಟಿದ. "ಕೇಳಿ. ಹನ್ನೊಂದು ದಿನಕ್ಕೆ ಕೂದಲೆಳೆಯಷ್ಟು ಇಳಿದಿದೆ, ಅಷ್ಟೇ. ಯಾರೋ ಇದನ್ನ ಪೂರ್ತಿ ಶ್ರುತಿಗೆ ಏರಿಸಿದ್ದಾರೆ. ತಂತಿ ತಂತಿಗೆ ಹೊಂದಾಣಿಕೆ ನೋಡಿ, ಎಲ್ಲೂ ತಪ್ಪಿಲ್ಲ. ಇದು ಒಳ್ಳೇ ಕಿವಿ ಇರೋರ ಕೆಲಸ."

"ಯಾವಾಗ?"

ಅವನು ಒಂದು ಕಣ್ಣು ಮುಚ್ಚಿ, ಗಿಟಾರನ್ನು ಬಂದೂಕಿನಂತೆ ಹಿಡಿದು ಅದರ ಕತ್ತಿನುದ್ದಕ್ಕೂ ನೋಡಿದ. "ಕತ್ತು ಬಾಗಿದೆ. ಹಳೇ ಮರ. ದಪ್ಪ ತಂತಿನ ಪೂರ್ತಿ ಬಿಗಿದ್ರೆ ತಡ್ಕೊಳ್ಳಲ್ಲ. ಹೋದ ತಿಂಗಳು ನಾನೇ ನೇರ ಮಾಡಿ ಕೊಟ್ಟಿದ್ದೆ. ಇಷ್ಟು ಬಾಗೋಕೆ ಹತ್ತು ಹನ್ನೆರಡು ದಿನ ಬೇಕು."

ಆ ಸಂಜೆ ಕಾರ್ಯಕ್ರಮ ಏಳಕ್ಕೆ ಮುಗಿದಿತ್ತು. ಎಂಟಕ್ಕೆ ಕ್ಲಬ್ಬಿನ ಮ್ಯಾನೇಜರು ಅಂಗಳದಲ್ಲಿ ಬಿದ್ದವರನ್ನು ಕಂಡು, ಮೇಲೆ ಬಂದು ಈ ಕೋಣೆಗೆ ಬೀಗ ಹಾಕಿದ್ದ. ಆಮೇಲೆ ಪೊಲೀಸರ ಕಾಗದ. ಅಂದರೆ ಏಳರಿಂದ ಎಂಟರೊಳಗೆ.

ಅಂಟಣ್ಣ ಗಿಟಾರಿನ ಅಂಚನ್ನು ತೋರಿಸಿದ. ಅಲ್ಲಿ ಹೊಸ ಏಟು, ಒಳಗಿನ ಬಿಳಿ ಮರ ಕಾಣುತ್ತಿತ್ತು. "ಜಗಳದಲ್ಲಿ ಬಿದ್ದಿರ್ಬೇಕು. ಎತ್ತಿ ಸ್ಟ್ಯಾಂಡಿಗೆ ಇಟ್ಟಿದ್ದಾರೆ. ಇಡೋವಾಗ ತಂತಿ ಮೀಟಿರ್ತದೆ. ಶ್ರುತಿ ತಪ್ಪಿದೆ ಅನ್ನಿಸಿರ್ತದೆ. ಸರಿ ಮಾಡಿದ್ದಾರೆ."

"ಕೆಳಗೆ ಒಬ್ಬರು ರಕ್ತದಲ್ಲಿ ಬಿದ್ದಿರುವಾಗ?"

"ವಾರೆಯಾಗಿ ನೇತಾಡೋ ಪಟ ಕಂಡ್ರೆ ನಿಮ್ಮ ಕೈ ಸುಮ್ನಿರ್ತದಾ ಸಾರ್? ಇದೂ ಹಾಗೇ. ಮನಸ್ಸು ಎಲ್ಲೋ ಇರ್ತದೆ, ಕೈ ತನ್ನ ಕೆಲಸ ಮಾಡ್ತಿರ್ತದೆ."

ಇಪ್ಪತ್ತು ವರ್ಷ ವಿಮಾ ಕಂಪನಿಯಲ್ಲಿ ಸಾವುಗಳನ್ನು ತನಿಖೆ ಮಾಡಿದವನು ನಾನು, ಮನುಷ್ಯರು ಮಾಡುವುದನ್ನೆಲ್ಲ ನೋಡಿದ್ದೇನೆ ಅಂದುಕೊಂಡಿದ್ದೆ. ಅಂಗಳದಲ್ಲಿ ಅವರು ಉಸಿರಿಗೆ ಒದ್ದಾಡುತ್ತಿದ್ದಾಗ ಇಲ್ಲಿ ಯಾರೋ ನಿಂತು ತಂತಿ ಬಿಗಿಯುವ ಬಿರಡೆ ತಿರುಗಿಸಿದ್ದರು.

ಕಿವಿ ಇರುವವನು, ಆ ಸಂಜೆ ಇಲ್ಲೇ ಇದ್ದವನು ನನ್ನ ಲೆಕ್ಕದಲ್ಲಿ ಒಬ್ಬನೇ. ಇಪ್ಪತ್ತೇಳು ವರ್ಷ ಗಿಟಾರಕ್ಕನ ಜೊತೆ ಪಿಯಾನೋ ನುಡಿಸಿದವನು.

"ಸಾರ್, ಆದ್ರೆ ಒಂದು ಮಾತು" ಎಂದು ಅಂಟಣ್ಣ ಬಾಯಿ ತೆರೆದ. ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

* * *

ಹಗಲಿನ ಕ್ಲಬ್ಬಿಗಿಂತ ಬಡಪಾಯಿಯಾದ ಜಾಗ ಇನ್ನೊಂದಿಲ್ಲ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಕವುಚಿ ಹಾಕಿದ್ದರು. ನೆಲಕ್ಕೆ ಹಾಕಿದ ಫಿನಾಯಿಲ್ ವಾಸನೆ ಇನ್ನೂ ಇತ್ತು. ಗೋಡೆಯ ತುಂಬ ಗಿಟಾರಕ್ಕನ ಪಟಗಳು. ಹೋಟೆಲಿನ ವಾದ್ಯತಂಡದಲ್ಲಿ ಗಿಟಾರಿನವನ ಕೈ ಮುರಿದಾಗ ಅವನ ಗಿಟಾರನ್ನೇ ಕೇಳಿ ಪಡೆದು ವೇದಿಕೆ ಹತ್ತಿದ ಹದಿನೇಳರ ಹುಡುಗಿ. ಪ್ರವಾಸಿ ಹಡಗಿನ ಕಟಕಟೆಗೆ ಒರಗಿ ನಿಂತ ಮೂವತ್ತರ ಹೆಂಗಸು. ಮೂರು ರೆಕಾರ್ಡುಗಳ ಹೊದಿಕೆ. ಮೂರನೆಯದನ್ನು ಯಾರೂ ಕೊಳ್ಳಲಿಲ್ಲ ಎಂದು ಅವರೇ ನಗುತ್ತ ಹೇಳುತ್ತಿದ್ದರಂತೆ.

ಪಿಯಾನೋದ ಮುಂದೆ ಅವನು ಕೂತಿದ್ದ. ಕರಿಬಿಳಿ ಮಾಮ ಎಂದು ಎಲ್ಲರೂ ಕರೆಯುತ್ತಾರೆ, ಪಿಯಾನೋದ ಕಪ್ಪು ಬಿಳಿ ಮನೆಗಳಿಂದ ಬಂದ ಹೆಸರು. ಅರವತ್ತೈದು ದಾಟಿದ, ಬಡಕಲು ಮನುಷ್ಯ. ಒದ್ದೆ ಬಟ್ಟೆಯಿಂದ ಒಂದೊಂದೇ ಮನೆಯನ್ನು ಸದ್ದಾಗದಂತೆ ಒರೆಸುತ್ತಿದ್ದ.

"ಆಸ್ಪತ್ರೆಯಲ್ಲಿ ಇವತ್ತು ನನ್ನನ್ನ ಬಾಗಿಲಲ್ಲೇ ನಿಲ್ಲಿಸಿದ್ರು" ಎಂದ, ತಲೆಯೆತ್ತದೆ. "ಕಾಗದ ನಿಮ್ದಂತೆ."

"ನನ್ನದೇ."

"ಅಕ್ಷರ ಚೆನ್ನಾಗಿದೆ."

ಹೌದು, ಬೆಳಿಗ್ಗೆ ಒಂಬತ್ತಕ್ಕೆ ನಾನೇ ಕೊಟ್ಟ ಕಾಗದ. ಈ ಮನುಷ್ಯನನ್ನು ರೋಗಿಯ ಬಳಿ ಬಿಡಬಾರದು, ರೋಗಿಯು ಮಗಳ ಬಳಿ ಇರುವುದೇ ಸುರಕ್ಷಿತ ಎಂದು, ಕುಟುಂಬದ ಪರವಾಗಿ ತನಿಖೆ ಮಾಡುತ್ತಿರುವವನ ಅಧಿಕಾರದಿಂದ ಬರೆದದ್ದು. ಮಗಳು ಕೇಳಿಕೊಂಡಿದ್ದಳು. ಬರೆದ ಮೇಲೆ ಓದಿ ನೋಡಿ ನನಗೇ ಹೆಮ್ಮೆಯಾಗಿತ್ತು.

"ಆ ಸಂಜೆ ಏಳಕ್ಕೆ ಮನೆಗೆ ಹೋದೆ ಅಂದಿದ್ರಿ. ನೋಡಿದವರು ಯಾರೂ ಇಲ್ಲ."

"ನಡ್ಕೊಂಡು ಹೋದೆ. ನನ್ನ ಮುಖ ಯಾರು ನೋಡ್ತಾರೆ? ಜನ ನನ್ನ ಬೆನ್ನನ್ನ ಮಾತ್ರ ನೋಡಿರೋದು."

"ಹಾಗಾದ್ರೆ ಮೇಲಿನ ಕೋಣೆಯಲ್ಲಿ ಗಿಟಾರಿಗೆ ಶ್ರುತಿ ಮಾಡಿದ್ದು ಯಾರು?"

ಬಟ್ಟೆ ನಿಂತಿತು. "ಯಾವ ಶ್ರುತಿಗೆ?"

"ಪೂರ್ತಿ ಶ್ರುತಿಗೆ. ಆರೂ ತಂತಿ. ಒಂದು ತಪ್ಪಿಲ್ಲ. ನಿಮ್ಮಂಥ ಕಿವಿ ಇರೋರ ಕೆಲಸ ಅಂತ ಅಂಟಣ್ಣ ಹೇಳಿದ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಸಿಕ್ಕಿಬಿದ್ದವರ ಮುಖ ನನಗೆ ಗೊತ್ತು, ಇದು ಹಾಗಿರಲಿಲ್ಲ. ಅಯ್ಯೋ ಪಾಪ ಎಂದು ನನಗಾಗಿಯೇ ಮರುಗುವಂತಿತ್ತು. ಎದ್ದು ಹೋಗಿ ಪಿಯಾನೋದ ಹಿಂದಿನಿಂದ ದಾರ ಕಟ್ಟಿದ ಒಂದು ದಪ್ಪ ಕಡತ ತಂದು ನನ್ನ ಮುಂದೆ ಬಿಚ್ಚಿದ.

ಪ್ರತಿ ಸಂಜೆಯ ಹಾಡುಗಳ ಪಟ್ಟಿ. ಸೋಮವಾರ ಬಿಟ್ಟು ದಿನಕ್ಕೊಂದು ಹಾಳೆ, ಕೊನೆಯ ಐದು ವರ್ಷದ್ದು; ಹಳೆಯವು ಮನೆಯಲ್ಲಿವೆಯಂತೆ. ಎಲ್ಲವೂ ಗಿಟಾರಕ್ಕನ ದುಂಡು ಅಕ್ಷರ, ಹಾಡಿನ ಪಕ್ಕದಲ್ಲಿ ಶ್ರುತಿ. ಒಂದೇ ಹಾಡನ್ನು ಎರಡು ಸಂಜೆ ಒಂದೇ ಥರ ಹಾಡಿದವರಲ್ಲ ಅವರು, ಜಾಝ್ ಎಂದರೆ ಅದೇ ಅಂತೆ. ಹಾಡುಗಳ ಸರದಿ ದಿನವೂ ಬದಲಾದರೂ ಕೊನೆಯ ಸಾಲು ಮಾತ್ರ ಎಲ್ಲ ಹಾಳೆಯಲ್ಲೂ ಒಂದೇ.

"ಇದ್ಯಾಕೆ ಯಾವಾಗ್ಲೂ ಕೊನೆಗೆ?" ಎಂದೆ.

"ಅದು ಮುಗಿಸೋ ಹಾಡು. ಅದನ್ನ ಹಾಡಿದ ಮೇಲೆ ಅವಳು ಇನ್ನೊಂದು ಹಾಡೋಳಲ್ಲ. ಯಾರು ಎಷ್ಟು ಚಪ್ಪಾಳೆ ಹೊಡೆದ್ರೂ ಅಷ್ಟೇ. ಅದಿರ್ಲಿ, ಇಲ್ಲಿ ನೋಡಿ."

ಕಳೆದ ನಾಲ್ಕು ವರ್ಷದ ಹಾಳೆಗಳಲ್ಲಿ ಅವರ ಶ್ರುತಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಶ್ರುತಿ ಬರೆದಿತ್ತು, ಸಣ್ಣದಾಗಿ. ಎಲ್ಲ ಕಡೆಯೂ ಒಂದು ಮನೆ ಕೆಳಗೆ.

"ಪೆನ್ನಿಂದು ಅವಳ ಕೈ. ಪೆನ್ಸಿಲ್‌ದು ನನ್ನ ಕೈ. ಅವಳೇನೋ ಬಿರಡೆ ತಿರುಗಿಸಿ ತಂತಿ ಇಳಿಸ್ಕೊಂಡ್ಲು. ಪಿಯಾನೋ ಇಳಿಸೋಕಾಗ್ತದಾ? ನಾನೇ ಬೆರಳು ಬದಲಾಯಿಸ್ಕೊಂಡೆ. ಇಷ್ಟು ಹಾಡನ್ನ ಹೊಸದಾಗಿ ಕಲ್ತೆ. ವೇದಿಕೆ ಮೇಲೆ ನಾವಿಬ್ರೇ ಇದ್ದದ್ದು, ಮೂರನೆಯವರಿಗೆ ಗೊತ್ತಾಗ್ಲಿಲ್ಲ." ಅವನು ಒಂದು ಮನೆಯನ್ನು ಒತ್ತಿದ. "ದಿನಾ ಸಂಜೆ ಶ್ರುತಿ ಮಾಡ್ಕೊಳ್ಳೋಕೆ ಅವಳಿಗೆ ಈ ಸ್ವರ ಕೊಡ್ತಿದ್ದೋನು ನಾನು. ನಾನು ಆ ಗಿಟಾರ್ ಮುಟ್ಟಿದ್ರೆ ಈ ಸ್ವರಕ್ಕೆ ಮಾಡ್ತಿದ್ದೆ. ಮೇಲಿಂದಕ್ಕೆ ಯಾಕೆ ಮಾಡ್ತೀನಿ?"

ನಾನು ಒಂದು ಕುರ್ಚಿಯನ್ನು ಮೇಜಿನಿಂದ ಇಳಿಸಿಕೊಂಡು ಕೂತೆ. ಮೆಟ್ಟಿಲ ಬಳಿ ಅಂಟಣ್ಣ ಹೇಳಹೊರಟದ್ದು ಇದನ್ನೇ ಇರಬೇಕು. ಗುಟ್ಟು ತಿಳಿದವರು ತಂತಿಯನ್ನು ಬಿಗಿಯುವುದಿಲ್ಲ. ಬಿಗಿದವರಿಗೆ ಶ್ರುತಿ ಇಳಿದದ್ದು ಗೊತ್ತಿರಲಿಲ್ಲ.

"ನಾನು ಅವಳ ಹತ್ರ ಒಬ್ಬನೇ ಕೂರ್ಬೇಕು ಅಂತ ಅಷ್ಟು ಬೇಡ್ಕೊಂಡೆ. ಯಾಕೆ ಅಂತ ನೀವು ಒಂದ್ಸಲಾನೂ ಕೇಳ್ಲಿಲ್ಲ" ಎಂದ ಮಾಮ.

"ಈಗ ಕೇಳ್ತೀನಿ."

"ಅವಳ ಎಡಗೈ."

ಆ ಕೈಯನ್ನು ನಾನೂ ನೋಡಿದ್ದೆ. ಹೊದಿಕೆಯ ಮೇಲೆ ಆ ಬೆರಳುಗಳು ಬಾಗುತ್ತವೆ, ಒತ್ತುತ್ತವೆ, ಬಿಡುತ್ತವೆ. ನರದ ಸೆಳೆತ ಎಂದು ಡಾಕ್ಟರಮ್ಮ ಹೇಳಿದ್ದರು, ನಾನು ಡೈರಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೆ.

"ಅದು ಸೆಳೆತ ಅಲ್ಲ. ಗಿಟಾರಲ್ಲಿ ಎಡಗೈ ತಂತಿ ಒತ್ತೋ ಕೈ. ಹೀಗೆ." ತನ್ನ ಬಲ ಮುಂಗೈಯನ್ನೇ ಗಿಟಾರಿನ ಕತ್ತು ಮಾಡಿಕೊಂಡು ಎಡಗೈ ಬೆರಳುಗಳನ್ನು ಒಂದಾದ ಮೇಲೊಂದು ಆಕಾರಕ್ಕೆ ಕೂರಿಸಿ ತೋರಿಸಿದ. "ಇಪ್ಪತ್ತೇಳು ವರ್ಷ ಈ ಕೈ ನೋಡ್ಕೊಂಡೇ ನುಡಿಸಿದ್ದೀನಿ. ಅವಳು ಮುಂದೆ ಎಲ್ಲಿಗೆ ಹೋಗ್ತಾಳೆ ಅಂತ ನನಗೆ ಬಾಯಲ್ಲಿ ಹೇಳ್ತಿರ್ಲಿಲ್ಲ. ಈ ಬೆರಳು ಹೇಳ್ತಿದ್ವು."

"ಈಗ ಏನು ಹೇಳ್ತಿವೆ?"

"ಒಂದೇ ಹಾಡು. ಎರಡನೇ ದಿನದಿಂದ. ಸುತ್ತಿ ಸುತ್ತಿ ಅದೇ. ಮಗಳು ಮೂರು ತಿಂಗಳ ಕೂಸಾಗಿದ್ದಾಗ ತೊಟ್ಟಿಲ ಪಕ್ಕ ಕೂತು ಕಟ್ಟಿದ್ದು. ಎರಡನೇ ರೆಕಾರ್ಡಲ್ಲಿ ಇದೆ."

"ಮಗಳನ್ನ ಕರೀತಿದ್ದಾರೆ ಹಾಗಾದ್ರೆ."

"ನಾನೂ ಹಾಗೇ ಅಂದ್ಕೊಂಡೆ. ಮಗಳು ಬಂದ್ಲು. ಪಕ್ಕದಲ್ಲಿ ಕೂತ್ಲು. ಹಾಡು ನಿಲ್ಲಲಿಲ್ಲ ಸಾರ್. ಬೆರಳು ಇನ್ನೂ ಜೋರಾದ್ವು." ಅವನು ಕಡತದ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಮಗಳೂ ಗಿಟಾರ್ ಬಲ್ಲೋಳು. ಆ ಕೈನೇ ನೋಡ್ತಾ ಕೂತಿದ್ಲು. ಆಮೇಲೆ ಹೊದಿಕೆ ಎಳೆದು ಮುಚ್ಚಿಬಿಟ್ಲು."

"ಅದು ಯಾವತ್ತು?"

"ಬಿದ್ದ ಮೂರನೇ ದಿನ."

ಮೂರನೆಯ ದಿನ ಮಧ್ಯಾಹ್ನ ಆಕೆ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದಳು.

ಎಲ್ಲವೂ ಒಟ್ಟಿಗೆ ನೆನಪಾಯಿತು. ಮೂವತ್ತನಾಲ್ಕರ ಹೆಂಗಸು, ಶಾಲೆಯಲ್ಲಿ ಸಂಗೀತದ ಟೀಚರ್. ನನ್ನ ಕಚೇರಿಯ ಕರೆಗಂಟೆ ಅಪಸ್ವರ ಹೊರಡಿಸುತ್ತದೆ ಎಂದು ಕೂರುವ ಮೊದಲೇ ಹೇಳಿದ್ದಳು. ತರಗತಿಯ ಮೂವತ್ತೆರಡು ಗಿಟಾರುಗಳಿಗೆ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ತಾನೇ ಶ್ರುತಿ ಮಾಡುತ್ತೇನೆ, ಕಡ್ಡಿ ಬೇಡ, ಯಂತ್ರ ಬೇಡ ಎಂದಿದ್ದಳು. ಪಿಯಾನೋ ಮಾಮನೇ ತಳ್ಳಿರಬೇಕು, ಅವನನ್ನು ಅಮ್ಮನ ಹತ್ತಿರ ಬಿಡಬೇಡಿ ಎಂದು ಅತ್ತಿದ್ದಳು. ನಡುವೆ ಒಮ್ಮೆ ಕಣ್ಣೊರೆಸಿಕೊಂಡು, "ನಾನು ಅಮ್ಮನ ಗಿಟಾರ್ ಮುಟ್ಟಿ ಒಂಬತ್ತು ವರ್ಷ ಆಯ್ತು. ಮಾತೇ ಇರ್ಲಿಲ್ಲ ನಮಗೆ. ಆದ್ರೂ ನೋಡಿ, ಅರವತ್ತೊಂದರಲ್ಲೂ ಅಮ್ಮನ ಶ್ರುತಿ ಒಂದೆಳೆ ಇಳಿದಿಲ್ಲ" ಎಂದಿದ್ದಳು. ಎಷ್ಟು ಅಭಿಮಾನ ಎಂದು ನನ್ನ ಕಣ್ಣೂ ಒದ್ದೆಯಾಗಿತ್ತು.

ಮಗಳತ್ತಲೇ ಬೆರಳು ಮಾಡುತ್ತಿದ್ದ ಆ ಕೈಯ ಮಾತನ್ನು, ಆಕೆಯನ್ನು ಬಿಟ್ಟರೆ, ಓದಬಲ್ಲವನು ಜಗತ್ತಿನಲ್ಲಿ ಇನ್ನೊಬ್ಬನೇ ಇದ್ದ. ಅವನನ್ನು ದೂರವಿಡಲು ಆಕೆಗೊಬ್ಬ ಪೆದ್ದ ಬೇಕಿತ್ತು. ಊರಲ್ಲಿ ಹುಡುಕಿ ನನ್ನನ್ನು ಆರಿಸಿಕೊಂಡಳು.

"ಮಾಮ, ಆ ಸಂಜೆ ಅವರು ನಿಮಗೇನಾದ್ರೂ ಹೇಳಿದ್ರಾ?"

"ನೀನು ಬೇಗ ಹೋಗು ಅಂದ್ಲು. ಮಗಳಿಗೆ ಹೇಳಿಬಿಡ್ತೀನಿ, ಇನ್ನು ಮುಚ್ಚಿಡೋಕಾಗಲ್ಲ ಅಂದ್ಲು. ಫೋನಲ್ಲಿ ಹೇಳ್ತಾಳೆ ಅಂದ್ಕೊಂಡೆ."

"ಏನನ್ನ ಮುಚ್ಚಿಟ್ಟಿದ್ರು?"

"ಕೇಳ್ಲಿಲ್ಲ. ನಾವಿಬ್ರೂ ಕೇಳದೇನೇ ಇಷ್ಟು ವರ್ಷ ಸಾಗಿಸಿದ್ವಿ."

ಈ ಊರಿನಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳುವುದೇ ಕಸುಬಾದ ನಾನೂ ಕೇಳಿರಲಿಲ್ಲ. ಆ ಸಂಜೆ ತನ್ನೂರಿನ ಶಾಲೆಯಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದೆ ಎಂದಿದ್ದಳು ಆಕೆ. ನನ್ನನ್ನು ಗೊತ್ತುಮಾಡಿದವರನ್ನೇ ತನಿಖೆ ಮಾಡುವುದೇ ಎಂದು ನಾನು ಬಿಟ್ಟಿದ್ದೆ. ಈಗ ಶಾಲೆಗೆ ಫೋನು ಮಾಡಿದೆ. ಗುಮಾಸ್ತ ಹಾಜರಿ ಪುಸ್ತಕ ತೆಗೆಯಲು ಏಳು ನಿಮಿಷ ತೆಗೆದುಕೊಂಡ. "ಟೀಚರ್ ಅವತ್ತು ಇಡೀ ದಿನ ರಜೆ ಸಾರ್" ಎಂದ.

ಗಂಟೆ ನಾಲ್ಕು ಹತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಇನ್ನೊಬ್ಬರು ಕೆಟ್ಟ ಮೇಲೆ.

* * *

ಟ್ಯಾಕ್ಸಿಯಿಂದಲೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದೆ. ಮಾಮ ಕಡತವನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕೂತಿದ್ದ.

"ಗಿಟಾರಿಗೆ ಶ್ರುತಿ ಸರಿಯಾಗಿದೆ, ಆದ್ದರಿಂದ ಮಗಳು ತಾಯಿಯನ್ನ ತಳ್ಳಿದ್ದಾಳೆ" ಎಂದರು ಇನ್‌ಸ್ಪೆಕ್ಟರು ನಿಧಾನವಾಗಿ. "ಇದನ್ನ ನಾನು ಕೋರ್ಟಲ್ಲಿ ಹೇಳ್ಬೇಕು."

"ಅವತ್ತು ಆಕೆ ರಜೆ ಹಾಕಿದ್ಲು ಸಾರ್. ನನಗೆ ಸುಳ್ಳು ಹೇಳಿದ್ದಾಳೆ."

"ರಜೆ ಹಾಕಿ ಸುಳ್ಳು ಹೇಳಿದವರನ್ನೆಲ್ಲ ಹಿಡಿದ್ರೆ ನನ್ನ ಠಾಣೇಲಿ ನಾನೊಬ್ಬನೇ ಉಳೀತೀನಿ. ನೋಡಿದವರು ಯಾರಾದ್ರೂ ಇದ್ದಾರಾ?"

"ಗಿಟಾರಕ್ಕ ಇದ್ದಾರೆ."

"ಮಾತಾಡಿಸಿ. ಆಮೇಲೆ ಫೋನ್ ಮಾಡಿ" ಎಂದು ಇಟ್ಟರು. ತಪ್ಪು ಹೇಳಲಿಲ್ಲ ಅವರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದೇ ನನ್ನನ್ನು ಇನ್ನಷ್ಟು ಸುಟ್ಟಿತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಮಾಮನನ್ನು ತಡೆದ. ಹೆಸರು ಪಟ್ಟಿಯಲ್ಲಿದೆ, ಬಿಡುವಂತಿಲ್ಲ ಎಂದ. ಪಟ್ಟಿ ಮಾಡಿಸಿದವನು ನಾನೇ ಕಣಯ್ಯ ಎಂದೆ. "ಹಾಗಾದ್ರೆ ಇನ್ನೊಂದು ಕಾಗದ ತನ್ನಿ" ಎಂದ. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು. ಮಾಮನನ್ನು ಅಲ್ಲೇ ಬಿಟ್ಟು ಓಡಿದೆ.

ಡಾಕ್ಟರಮ್ಮ ನನ್ನ ಮಾತನ್ನು ನಿಂತು ಕೇಳಿದರು. ಕೇಳಿ, ಮೇಜಿನಿಂದ ಬೆಳಗಿನ ಕಾಗದ ತೆಗೆದು ನನ್ನ ಕಡೆ ತಿರುಗಿಸಿದರು.

"ರೋಗಿಯು ಮಗಳ ಬಳಿ ಇರುವುದೇ ಅತ್ಯಂತ ಸುರಕ್ಷಿತ. ಸಹಿ ನಿಮ್ದೇ. ಎಂಟು ಗಂಟೆ ಹಿಂದೆ ಬರೆದದ್ದು."

"ನನಗೆ ತಪ್ಪಾಯ್ತು."

"ಆಗಿರಬಹುದು. ಆದ್ರೆ ಆಕೆ ಒಬ್ಬಳೇ ಮಗಳು. ಕಾನೂನಿನ ಪ್ರಕಾರ ಕರ್ಕೊಂಡು ಹೋಗ್ತಿದ್ದಾಳೆ. ಪೊಲೀಸರ ಆದೇಶ ತನ್ನಿ, ಈಗ್ಲೇ ನಿಲ್ಲಿಸ್ತೀನಿ. ನಿಮ್ಮ ಮಾತಿನ ಮೇಲೆ ಬೆಳಿಗ್ಗೆ ಒಬ್ಬರನ್ನ ನಿಲ್ಲಿಸಿದೆ, ಈಗ ಇನ್ನೊಬ್ಬರನ್ನ ನಿಲ್ಲಿಸ್ಲಾ?"

"ಅತ್ಯಂತ" ಎಂಬ ಪದವನ್ನು ನಾನು ಆಮೇಲೆ ಮೇಲ್ಗಡೆ ಸೇರಿಸಿದ್ದೆ. ಬಾಣದ ಗುರುತು ಹಾಕಿ.

ಹಿಂದಿನ ಬಾಗಿಲಿಗೆ ಓಡುವ ಹೊತ್ತಿಗೆ ಗಿಟಾರಕ್ಕನನ್ನು ಬಿಳಿ ವ್ಯಾನಿಗೆ ಹತ್ತಿಸಿ ಆಗಿತ್ತು. ಕಿಟಕಿಯ ಪಕ್ಕಕ್ಕೆ ಒರಗಿಸಿ ಮಲಗಿಸಿದ್ದರು. ಕಣ್ಣು ತೆರೆದಿತ್ತು. ನನ್ನನ್ನು ನೋಡಿದರು. ಹೊದಿಕೆಯ ಕೆಳಗೆ ಎಡಗೈ ಅಲುಗುತ್ತಿತ್ತು.

ಮಗಳು ಬಟ್ಟೆಯ ಚೀಲ, ಔಷಧಿಯ ಪೊಟ್ಟಣ ಎಲ್ಲ ಜೋಡಿಸಿಟ್ಟು ಇಳಿದು ಬಂದಳು. "ನಿಮ್ಮಿಂದ ತುಂಬ ಉಪಕಾರ ಆಯ್ತು ಸಾರ್."

"ಟೀಚರ್, ಆ ದಿನ ನೀವು ಶಾಲೆಯಲ್ಲಿ ಇರ್ಲಿಲ್ವಂತೆ."

ಆಕೆಯ ಮುಖ ಬದಲಾಗಲಿಲ್ಲ. "ಹಲ್ಲುನೋವಿತ್ತು. ಮನೇಲಿದ್ದೆ."

"ಮಕ್ಕಳಿಗೆ ಅಭ್ಯಾಸ ಮಾಡಿಸ್ತಿದ್ದೆ ಅಂದಿದ್ರಿ."

"ಅಮ್ಮ ಹೀಗಾದ ಮೇಲೆ ಯಾವ ದಿನ ಯಾವುದೋ ಗೊತ್ತಾಗ್ತಿಲ್ಲ ಸಾರ್." ಬಾಗಿಲಿಗೆ ಕೈ ಹಾಕಿದಳು. ಆಮೇಲೆ ಏನೋ ನೆನಪಾದವಳಂತೆ ತಿರುಗಿದಳು. ಹುಬ್ಬು ಗಂಟಿಕ್ಕಿತ್ತು, ನಿಜವಾದ ಚಿಂತೆಯಿಂದಲೇ. "ಅಮ್ಮನ ಗಿಟಾರ್ ಹಾಗೇ ಬಿಟ್ಟಿರ್ಬೇಡಿ. ಅಂಟಣ್ಣನಿಗೆ ಹೇಳಿ ತಂತಿ ಸಡಿಲ ಮಾಡ್ಸಿ. ಅಷ್ಟು ದಪ್ಪ ತಂತಿಗೆ ಕತ್ತು ಬಾಗಿ ಹೋಗ್ತದೆ."

ದಪ್ಪ ತಂತಿ ಬಂದು ನಾಲ್ಕು ವರ್ಷ. ಆಕೆ ಆ ಗಿಟಾರು ಮುಟ್ಟಿ ಒಂಬತ್ತು ವರ್ಷ.

ನನ್ನ ಮುಖದಲ್ಲಿ ಅದು ಕಂಡಿರಬೇಕು. ಬಾಗಿಲ ಮೇಲಿನ ಆಕೆಯ ಕೈ ಒಂದು ಗಳಿಗೆ ನಿಂತಿತು. ಸುತ್ತ ಯಾರೂ ಇರಲಿಲ್ಲ. ಡ್ರೈವರು ಇಂಜಿನ್ ಚಾಲು ಮಾಡಿಯಾಗಿತ್ತು. ಕೇಳಿದವನು ನಾನೊಬ್ಬ, ಮತ್ತು ಒಳಗೆ ಮಲಗಿದ್ದ, ಬಾಯಿಲ್ಲದ ಆ ತಾಯಿ.

ಬಾಗಿಲು ಮುಚ್ಚಿಕೊಂಡಿತು. ಕೈಲಾಗದವನು ಮಾಡುವುದನ್ನೇ ನಾನೂ ಮಾಡಿದೆ, ವ್ಯಾನಿನ ಹಿಂದೆ ಓಡಿದೆ.

ಗೇಟಿನಲ್ಲಿ ಕಾವಲುಗಾರ ವ್ಯಾನನ್ನು ನಿಲ್ಲಿಸಿ ಬಿಡುಗಡೆಯ ಚೀಟಿ ಕೇಳಿದ. ಮಗಳು ಮುಂದಕ್ಕೆ ಬಾಗಿ ಚೀಲದಲ್ಲಿ ಹುಡುಕತೊಡಗಿದಳು. ಆ ಹೊತ್ತಿಗೆ ಹೊದಿಕೆ ಸರಿದು, ಗಿಟಾರಕ್ಕನ ಎಡಗೈ ಕಿಟಕಿಯ ಗಾಜಿಗೆ ಬಂತು. ಹೊರಗೆ, ಒಂದು ಮಾರು ದೂರದಲ್ಲಿ, ಕಡತ ಹಿಡಿದು ಮಾಮ ನಿಂತಿದ್ದ. ಬೆರಳುಗಳು ಗಾಜಿನ ಮೇಲೆ ಬಾಗಿದವು, ಒತ್ತಿದವು, ಸರಿದವು. ಅವನು ಕಣ್ಣು ಮಿಟುಕಿಸದೆ ಓದಿದ.

ನಾನು ಏದುಸಿರು ಬಿಡುತ್ತ ಅವನ ಪಕ್ಕಕ್ಕೆ ಬಂದೆ. "ತೊಟ್ಟಿಲ ಹಾಡಾ?"

"ಅಲ್ಲ" ಎಂದ. "ಈಗ ಬದಲಾಯಿಸಿದ್ಲು."

"ಯಾವುದು?"

ಕಡತ ತೆರೆದು ಮೇಲಿನ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ಕೊನೆಯ ಸಾಲು, ಮುಗಿಸುವ ಹಾಡು.

ಕಾವಲುಗಾರ ಚೀಟಿ ನೋಡಿ ವಾಪಸ್ಸು ಕೊಟ್ಟು, ಅಡ್ಡಗೋಲು ಎತ್ತಿದ.